ಛಾಯಾಚಿತ್ರ ಯಾವ ಪ್ರಮಾಣ?

ಫೋಟೊ ನೋಡಿ ತಿಳಿದದ್ದು ಕಣ್ಣಾರೆ ಕಂಡದ್ದಕ್ಕೆ ಸಮವೇ? ದರ್ಶನಶಾಸ್ತ್ರದ ಪರಿಭಾಷೆಯಲ್ಲಿ ಕೇಳುವುದಾದರೆ, ಛಾಯಾಚಿತ್ರ ಯಾವ ಪ್ರಮಾಣಕ್ಕೆ ಸೇರುತ್ತದೆ? ಸರಿಯಾದ ತಿಳಿವಿಗೆ ಸಾಧನವಾದದ್ದು ಪ್ರಮಾಣ. ಚಾರ್ವಾಕರು ಪ್ರತ್ಯಕ್ಷ ಒಂದನ್ನೇ ಒಪ್ಪುತ್ತಾರೆ. ದಿಙ್ನಾಗನ ಪರಂಪರೆಯ ಬೌದ್ಧರು ಅದಕ್ಕೆ ಅನುಮಾನವನ್ನು ಸೇರಿಸುತ್ತಾರೆ, ಮಧ್ವರು ಆಗಮವನ್ನೂ ಸೇರಿಸಿ ಮೂರು ಎನ್ನುತ್ತಾರೆ, ನೈಯಾಯಿಕರದು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು. ಅದ್ವೈತಿಗಳ ಪಟ್ಟಿ ಆರಕ್ಕೆ ಮುಟ್ಟುತ್ತದೆ. ಕ್ಯಾಮೆರಾ ಇವರಾರ ಲೆಕ್ಕದಲ್ಲೂ ಇರಲಿಲ್ಲ. ಆದರೂ ಹವ್ಯಾಸಿ ಛಾಯಾಗ್ರಾಹಕರು ದಿನವೂ ಕೇಳುವ ಸಣ್ಣ ಪ್ರಶ್ನೆಗಳು, ಐಎಸ್‌ಒ ಎಷ್ಟಿಡಬೇಕು, ವೈಟ್ ಬ್ಯಾಲೆನ್ಸ್ ಆಟೊದಲ್ಲಿರಲೋ ಬೇಡವೋ, ರಾ ಫೈಲ್ ಬೇಕೋ ಜೆಪೆಗ್ ಸಾಕೋ ಎಂಬಂಥವು, ಸುತ್ತಿ ಬಳಸಿ ಇಲ್ಲಿಗೇ ಬರುತ್ತವೆ.

ಕುಂದಗೋಳದಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಶಂಭುಲಿಂಗನ ಗುಡಿ ಇದೆ. ಇಂಥ ಗುಡಿಗಳಲ್ಲಿ ಹೊರಗೆ ಎರಿ ಸೀಮೆಯ ಕಣ್ಣು ಕುಕ್ಕುವ ಬಿಸಿಲು. ಒಳಗೆ ಕಂಬದ ಸಾಲು ದಾಟುವಷ್ಟರಲ್ಲಿ ಕತ್ತಲು. ಎಣ್ಣೆ ದೀಪದ ಬೆಳಕಿನಲ್ಲಿ ಕರಿ ಲಿಂಗ, ಅದರ ಮೇಲೆ ಮೂರೆಳೆ ವಿಭೂತಿ. ಕ್ಯಾಮೆರಾದ ಮೀಟರ್‌ಗೆ ಲಿಂಗವೂ ಗೊತ್ತಿಲ್ಲ, ಕಲ್ಲೂ ಗೊತ್ತಿಲ್ಲ. ಎದುರಿಗೆ ಏನೇ ಇರಲಿ, ಅದು ಬಿದ್ದ ಬೆಳಕಿನಲ್ಲಿ ಸುಮಾರು ಶೇ. 18ರಷ್ಟನ್ನು ಹಿಂದಿರುಗಿಸುವ ಬೂದು ವಸ್ತು ಎಂದು ಹಿಡಿದು ಲೆಕ್ಕ ಹಾಕುವುದಷ್ಟೇ ಅದರ ಕೆಲಸ. ಹಾಗಾಗಿ ಕರಿ ಕಲ್ಲು ಬೂದಿಬಣ್ಣಕ್ಕೆ ತಿರುಗುತ್ತದೆ, ವಿಭೂತಿಯ ಗೆರೆಗಳು ಒಂದರಲ್ಲೊಂದು ಕಲೆತು ಬರೀ ಬಿಳಿ ಪಟ್ಟಿಯಾಗುತ್ತವೆ. ಎಕ್ಸ್‌ಪೋಶರ್ ಕಾಂಪನ್ಸೇಶನ್ ಅನ್ನು ಒಂದೂವರೆ ಸ್ಟಾಪ್‌ನಷ್ಟು ಮೈನಸ್ಸಿಗೆ ಇಳಿಸಿದಾಗ ಕಲ್ಲು ಕಲ್ಲಿನ ಬಣ್ಣಕ್ಕೆ ಮರಳುತ್ತದೆ. ಅದೇ ತಾಲ್ಲೂಕಿನ ಹೊಲದಲ್ಲಿ ಬಿಡಿಸಿ ರಾಶಿ ಹಾಕಿದ ಹತ್ತಿಯನ್ನು ತೆಗೆಯುವಾಗ ಇದರ ಉಲ್ಟಾ: ಪ್ಲಸ್ಸಿಗೆ ಏರಿಸದಿದ್ದರೆ ಬಿಳಿ ಹತ್ತಿ ಮಾಸಿದ ಬೂದು. ಅಂದರೆ ಯಂತ್ರದ ಪಾಲಿಗೆ ಲಿಂಗವೂ ಹತ್ತಿಯೂ ಒಂದೇ. ಇದು ಕರಿ, ಅದು ಬಿಳಿ ಎಂದು ಮೊದಲೇ ತಿಳಿದ ಮನುಷ್ಯ ಅದನ್ನು ತಿದ್ದಬೇಕು.

ಬಣ್ಣದಲ್ಲೂ ಇದೇ ತೊಡಕು. ಮಧ್ಯಾಹ್ನದ ಬಿಸಿಲಿನ ವರ್ಣತಾಪ ಸುಮಾರು 5,500 ಕೆಲ್ವಿನ್; ಎಣ್ಣೆ ದೀಪದ್ದು 2,000ದ ಆಸುಪಾಸು. ಆಟೊ ವೈಟ್ ಬ್ಯಾಲೆನ್ಸ್ ದೀಪದ ಹಳದಿಯನ್ನು ತಪ್ಪೆಂದು ಬಗೆದು ತೊಳೆಯಲು ಹೋಗುತ್ತದೆ. ಬಿಸಿಲಿನ ಲೆಕ್ಕಕ್ಕೆ ಕಟ್ಟಿಟ್ಟರೆ ಇಡೀ ಗರ್ಭಗುಡಿ ಕಿತ್ತಳೆ. ನಿಂತು ನೋಡಿದವರ ಕಣ್ಣು ಎರಡರ ನಡುವೆ ಎಲ್ಲೋ ಹೊಂದಿಕೊಂಡಿರುತ್ತದೆ, ಆ ಜಾಗವನ್ನು ಯಾವ ಬಟನ್ನೂ ತಾನಾಗಿ ಹುಡುಕಿಕೊಡುವುದಿಲ್ಲ.

ಸೆನ್ಸರಿನ ಒಳಗೆ ಇಣುಕಿದರೆ ಸಂಗತಿ ಇನ್ನೂ ವಿಚಿತ್ರ. ಕೊಡಾಕ್‌ನ ಬ್ರೈಸ್ ಬೇಯರ್‌ಗೆ 1976ರಲ್ಲಿ ಪೇಟೆಂಟ್ ಸಿಕ್ಕ ವಿನ್ಯಾಸವನ್ನೇ ಇಂದಿನ ಬಹುಪಾಲು ಡಿಜಿಟಲ್ ಕ್ಯಾಮೆರಾಗಳು ಬಳಸುತ್ತವೆ. ಅದರಲ್ಲಿ ಪ್ರತಿ ಪಿಕ್ಸೆಲ್ಲಿನ ಮೇಲೆ ಒಂದೇ ಬಣ್ಣದ ಸೋಸುಗ: ಅರ್ಧ ಹಸಿರು, ಕಾಲು ಕೆಂಪು, ಕಾಲು ನೀಲಿ. ಪ್ರತಿ ಪಿಕ್ಸೆಲ್ ಒಂದು ಬಣ್ಣವನ್ನು ಅಳೆಯುತ್ತದೆ, ಉಳಿದೆರಡನ್ನು ನೆರೆಯ ಪಿಕ್ಸೆಲ್‌ಗಳಿಂದ ಊಹಿಸಿ ತುಂಬಲಾಗುತ್ತದೆ. ಹಾಗಾದರೆ ಚಿತ್ರದ ಬಣ್ಣದಲ್ಲಿ ಒಂದು ಪಾಲು ಪ್ರತ್ಯಕ್ಷ, ಎರಡು ಪಾಲು ಅನುಮಾನ. ಅನುಮಾನ ನಿಲ್ಲುವುದು ವ್ಯಾಪ್ತಿಯ, ಅಂದರೆ ಎಲ್ಲೂ ತಪ್ಪದ ನಂಟಿನ ಮೇಲೆ; ಇಲ್ಲಿಯ ವ್ಯಾಪ್ತಿ ‘ಅಕ್ಕಪಕ್ಕದ ಬಿಂದುಗಳು ಒಂದನ್ನೊಂದು ಹೋಲುತ್ತವೆ’ ಎಂಬುದು. ಕಲ್ಲು, ಮಣ್ಣು, ಮುಖಗಳಿಗೆ ಇದು ಹೊಂದುತ್ತದೆ. ಇಳಕಲ್ ಸೀರೆಯ ಸಣ್ಣ ಚೌಕಳಿಯನ್ನು ದೂರದಿಂದ ತೆಗೆದಾಗ ವ್ಯಾಪ್ತಿ ಮುರಿಯಬಹುದು, ನೇಯ್ಗೆಯಲ್ಲಿ ಇಲ್ಲದ ಬಣ್ಣದ ಅಲೆಗಳು ಸೀರೆಯ ಮೇಲೆ ಎದ್ದು ಬರುತ್ತವೆ. ಛಾಯಾಗ್ರಾಹಕರು ಇದನ್ನು ಮೊಆರೆ ಎನ್ನುತ್ತಾರೆ. ತಾರ್ಕಿಕರು ಹೇತ್ವಾಭಾಸದ, ಅಂದರೆ ಹುಸಿ ಹೇತುವಿನ, ಉದಾಹರಣೆಯಾಗಿ ಪಾಠದಲ್ಲಿ ಸೇರಿಸಿಕೊಳ್ಳಬಹುದಾದಂಥದ್ದು.

ರಾ ಫೈಲ್ ಇದಕ್ಕಿಂತ ಹಿಂದಿನ ಹಂತ, ಊಹೆ ತುಂಬುವ ಮುಂಚಿನ ಅಳತೆಗಳ ದಾಸ್ತಾನು. ಹೆಸರು, ಜಾತಿ, ಗುಣಗಳ ಜೋಡಣೆಗೆ ಮುಂಚಿನ ಅರಿವನ್ನು ನಿರ್ವಿಕಲ್ಪಕ ಎಂದೂ ಜೋಡಿಸಿದ ಮೇಲಿನದನ್ನು ಸವಿಕಲ್ಪಕ ಎಂದೂ ನ್ಯಾಯಶಾಸ್ತ್ರ ಕರೆಯುತ್ತದೆ. ರಾ ಮತ್ತು ಜೆಪೆಗ್‌ಗಳ ಸಂಬಂಧ ಅದಕ್ಕೆ ಹತ್ತಿರ. ಆದರೆ ರಾ ಇದ್ದರೆ ಸತ್ಯ ಕೈಯಲ್ಲಿದ್ದಂತೆ ಎಂದು ಹವ್ಯಾಸಿಗಳಲ್ಲಿ ಹಬ್ಬಿರುವ ನಂಬಿಕೆ ಅತಿಯಾಯಿತು. ಎಲ್ಲಿ ನಿಲ್ಲಬೇಕು, ಯಾವ ಲೆನ್ಸ್, ಯಾವ ಕ್ಷಣ ಎಂಬ ನಿರ್ಧಾರಗಳು ರಾ ಹುಟ್ಟುವ ಮುಂಚೆಯೇ ಮುಗಿದಿರುತ್ತವೆ.

ಕ್ಷಣದ ಆಯ್ಕೆ ಎಷ್ಟು ದೊಡ್ಡದು ಎಂಬುದಕ್ಕೆ ಕುಂದಗೋಳದ ನಾಡಿಗೇರ ವಾಡೆಗಿಂತ ಒಳ್ಳೆಯ ಸ್ಥಳವಿಲ್ಲ. ಈ ಊರಿನವರೇ ಆದ ಗಾಯಕ ಸವಾಯಿ ಗಂಧರ್ವರ (1886–1952) ನೆನಪಿನಲ್ಲಿ ಆ ವಾಡೆಯಲ್ಲಿ ರಾತ್ರಿಯಿಡೀ ಸಂಗೀತ ನಡೆಯುತ್ತ ಬಂದಿದೆ. ಅಂಥ ಬೈಠಕ್ಕಿನಲ್ಲಿ ಫ್ಲ್ಯಾಶ್ ಹಾಕುವುದು ಒರಟುತನ. ಎಫ್/1.8ರ ಲೆನ್ಸ್, 3200 ಐಎಸ್‌ಒ, ಸೆಕೆಂಡಿನ 125ನೇ ಒಂದು ಭಾಗದ ಶಟರ್, ಹೀಗೆ ಏನೋ ಹೊಂದಿಸಿಕೊಳ್ಳಬೇಕು. ಒಂದಿಷ್ಟು ನಾಯ್ಸ್ ಬಂದರೆ ಬರಲಿ. ತಾನ್ ಏರುತ್ತಿರುವಾಗ ಶಟರ್ ಬಿದ್ದರೆ ಗಾಯಕರ ಬಾಯಿ ಸೊಟ್ಟಗೆ, ಹುಬ್ಬು ಗಂಟು, ಕೈ ಯಾರನ್ನೋ ಹೊಡೆಯಲು ಎತ್ತಿದಂತೆ. ಚಿತ್ರದಲ್ಲಿ ಒಂದು ಚುಕ್ಕೆಯೂ ಸುಳ್ಳಲ್ಲ. ಆದರೆ ಕೂತು ಕೇಳಿದವರಲ್ಲಿ ಯಾರೂ ಆ ಮುಖ ಕಂಡಿಲ್ಲ. ಅವರಿಗೆ ಕಂಡದ್ದು ಸ್ವರದ ಜೊತೆ ಹರಿಯುವ ಒಂದು ಚಲನೆ. ಅರ್ಧ ಸೆಕೆಂಡು ಕಾದು ಸಮದ (ತಾಳದ ಮೊದಲ ಮಾತ್ರೆಯ) ಮೇಲೆ ತೆಗೆದರೆ ಅದೇ ಮುಖ ಪ್ರಸನ್ನ. ಎರಡೂ ನಡೆದದ್ದೇ. ಯಾವುದನ್ನು ಉಳಿಸಿ ಯಾವುದನ್ನು ಅಳಿಸಬೇಕೆಂಬುದು ಯಂತ್ರದ ಮಾತಲ್ಲ.

ಇಷ್ಟು ಹಿನ್ನೆಲೆಯಲ್ಲಿ ಪ್ರಮಾಣದ ಪ್ರಶ್ನೆಯನ್ನು ಎತ್ತಬಹುದು. ಇಂದ್ರಿಯ ಮತ್ತು ವಿಷಯಗಳ ಸನ್ನಿಕರ್ಷದಿಂದ (ಸಂಪರ್ಕದಿಂದ) ಹುಟ್ಟಿದ, ತಪ್ಪದ, ನಿಶ್ಚಿತವಾದ ಜ್ಞಾನ ಪ್ರತ್ಯಕ್ಷ ಎಂದು ಗೌತಮನ ನ್ಯಾಯಸೂತ್ರ. ಫೋಟೊ ನೋಡುವವನ ಕಣ್ಣಿಗೆ ತಾಗುವುದು ಪರದೆ ಅಥವಾ ಕಾಗದ, ಗುಡಿಯಲ್ಲ. ಆದ್ದರಿಂದ ಅದು ಪ್ರತ್ಯಕ್ಷವಲ್ಲ. ಹೊಗೆಯಿಂದ ಬೆಂಕಿಯನ್ನು ತಿಳಿಯುವಂತೆ ಅಚ್ಚಿನಿಂದ ವಸ್ತುವನ್ನು ತಿಳಿಯುವ ಅನುಮಾನವೇ? ಫಿಲ್ಮಿನ ಕಾಲದಲ್ಲಿ ಈ ವಾದಕ್ಕೆ ಬಲವಿತ್ತು: ಬೆಳಕು ಕಾರಣ, ನೆಗೆಟಿವ್ ಕಾರ್ಯ, ಎರಡರ ಕೊಂಡಿ ನೇರ. ಈಗ ಫೋನಿನ ನೈಟ್ ಮೋಡ್ ಹಲವು ಫ್ರೇಮುಗಳನ್ನು ಬೆಸೆದು ಒಂದು ಚಿತ್ರ ಮಾಡುತ್ತದೆ. ಅದು ಯಾವುದೇ ಒಂದು ಕ್ಷಣದ ಚಿತ್ರವಲ್ಲ. ಚಂದ್ರನ ಮೇಲಿನ ಕಲೆಗಳನ್ನು ಫೋನ್ ತಾನು ಕಲಿತ ಚಿತ್ರಗಳ ನೆರವಿನಿಂದ ಎದ್ದು ಕಾಣುವಂತೆ ಮಾಡುತ್ತದೆ ಎಂಬ ವಿವಾದ 2023ರಲ್ಲಿ ದೊಡ್ಡದಾಗಿ ಎದ್ದಿತ್ತು. ಹೊಗೆ ಬೆಂಕಿಯಿಂದಲೇ ಬಂತೆಂಬ ಭರವಸೆ ಹೋದ ಮೇಲೆ ಅನುಮಾನವೂ ನಿಲ್ಲದು.

ಉಪಮಾನ ಹೋಲಿಕೆಯ ಮಾತು, ಇಲ್ಲಿಗೆ ಹೊಂದದು. ಉಳಿಯುವುದು ಶಬ್ದ ಪ್ರಮಾಣ, ಅಂದರೆ ಆಪ್ತನ ಮಾತು. ಛಾಯಾಚಿತ್ರವನ್ನು ‘ನಾನು ಕಂಡದ್ದು ಹೀಗಿತ್ತು’ ಎಂಬ ಹೇಳಿಕೆಯಾಗಿ ಹಿಡಿದರೆ ತೊಡಕುಗಳೆಲ್ಲ ತಮ್ಮ ಜಾಗಕ್ಕೆ ಬರುತ್ತವೆ. ವಸ್ತುವನ್ನು ಸ್ವತಃ ಅರಿತು, ಅರಿತಂತೆಯೇ ತಿಳಿಸುವ ಇಚ್ಛೆಯುಳ್ಳವನು ಆಪ್ತ ಎಂದು ವಾತ್ಸ್ಯಾಯನ ತನ್ನ ಭಾಷ್ಯದಲ್ಲಿ ಹೇಳುತ್ತಾನೆ. ಈ ಲಕ್ಷಣ ಋಷಿ, ಆರ್ಯ, ಮ್ಲೇಚ್ಛ ಎಲ್ಲರಿಗೂ ಸಮಾನ ಎಂದೂ ಸೇರಿಸುತ್ತಾನೆ. ಬೆಲೆಬಾಳುವ ಬಾಡಿ, ಲೆನ್ಸುಗಳಿಂದ ಆಪ್ತತೆ ಬರುವುದಿಲ್ಲ, ಅಗ್ಗದ ಫೋನಿನಿಂದ ಹೋಗುವುದೂ ಇಲ್ಲ. ಕಲ್ಲು ಕರಿಯಾಗಿತ್ತೆಂದು ಅರಿತವನು ಮೈನಸ್ಸಿಗೆ ಇಳಿಸಿದರೆ ಅದು ಅರಿತಂತೆ ತಿಳಿಸಿದ್ದು. ಮೋಡವಿಲ್ಲದ ಆಕಾಶಕ್ಕೆ ಎಲ್ಲಿಂದಲೋ ಮೋಡ ತಂದು ಅಂಟಿಸಿ ಸುಮ್ಮನಿದ್ದರೆ ಅದಲ್ಲ. ತಿದ್ದಿದ್ದು, ತಿದ್ದದೆ ಬಿಟ್ಟದ್ದು ಎಂಬ ಗೆರೆಗಿಂತ ಈ ಗೆರೆ ಹೆಚ್ಚು ಉಪಯುಕ್ತ. ಕಾನೂನೂ ಹೆಚ್ಚುಕಡಿಮೆ ಇಲ್ಲಿಯೇ ನಿಂತಿದೆ. 1872ರ ಸಾಕ್ಷ್ಯ ಕಾಯ್ದೆಗೆ 2000ದಲ್ಲಿ ಸೇರಿದ 65ಬಿ ಕಲಂ, ಅದರ ಜಾಗಕ್ಕೆ 2024ರ ಜುಲೈ 1ರಿಂದ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ, ಎರಡೂ ವಿದ್ಯುನ್ಮಾನ ದಾಖಲೆಯ ಜೊತೆಗೆ ಪ್ರಮಾಣಪತ್ರ ಕೇಳುತ್ತವೆ. ಅದಕ್ಕೆ ಮನುಷ್ಯರೇ ಸಹಿ ಹಾಕಬೇಕು.

ಪೂಜೆಯ ಫೋಟೊಗಳು ಈ ವಿಚಾರದ ಹೊರಗೆ ಉಳಿಯುತ್ತವೆ. ದೇವರ ಜಗಲಿಯ ಮೇಲಿನ ಸಿದ್ಧಾರೂಢರ ಚಿತ್ರದ ಮುಂದೆ ಊದಿನಕಡ್ಡಿ ಹಚ್ಚುವವರು ಅದರ ಎಕ್ಸ್‌ಪೋಶರ್ ಸರಿಯಿತ್ತೇ ಎಂದು ಕೇಳುವುದಿಲ್ಲ. ಆ ಚಿತ್ರದಿಂದ ಅವರಿಗೆ ಹೊಸದಾಗಿ ತಿಳಿಯಬೇಕಾದದ್ದು ಏನೂ ಇಲ್ಲ. ಇಷ್ಟಲಿಂಗದ ವಿಷಯದಲ್ಲಂತೂ ಚಿತ್ರಕ್ಕೆ ಪೂಜೆಗೊಳ್ಳುವ ಕೆಲಸವೂ ಇಲ್ಲ. ಅದು ಗುರುವಿನಿಂದ ಬಂದು ಮೈಮೇಲಿರುವ ಲಿಂಗ. ಅಂಗೈಯಲ್ಲಿಟ್ಟು ರೆಪ್ಪೆ ಮಿಟುಕಿಸದೆ ನೋಡುವುದೇ ಅದರ ಪೂಜೆ. ಅದರ ಫೋಟೊ ತೆಗೆದರೆ, ಒಬ್ಬರು ಪೂಜೆಗೆ ಕುಳಿತಿದ್ದರು ಎಂಬಷ್ಟಕ್ಕೆ ಮಾತ್ರ ಅದು ಸಾಕ್ಷಿ.