ಶರಾವತಿಗೆ ನಮ್ಮ ಬಾಕಿ

ಬೇಸಿಗೆ ಬಲವಾಗಿ ಲಿಂಗನಮಕ್ಕಿಯ ಹಿನ್ನೀರು ಇಳಿದ ವರ್ಷ ಮಡೆನೂರಿನಲ್ಲಿ ಹಳೆಯದೊಂದು ಅಣೆಕಟ್ಟು ಮೇಲೆದ್ದು ಕಾಣುತ್ತದೆ. ಜೋಗದ ಮೊದಲ ವಿದ್ಯುದಾಗಾರಕ್ಕೆ ನೀರೊದಗಿಸಲು ಕಟ್ಟಿದ ಹಿರೇಭಾಸ್ಕರ ಅದು. 1964ರಲ್ಲಿ ಶರಾವತಿಗೆ ಅಡ್ಡವಾಗಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಅದೂ ಮುಳುಗಡೆಯಾಯಿತು. ಸುತ್ತ ಬಿರುಕು ಬಿಟ್ಟ ಕೆಸರು. ಒಂದು ಕಾಲದ ಕಾಡಿನ ಮರಗಳ ಬೊಡ್ಡೆಗಳು ಕಪ್ಪಾಗಿ, ಬೇರು ಕಳಚದೆ ಅಲ್ಲೇ ನಿಂತಿವೆ.

ಲಿಂಗನಮಕ್ಕಿಯ ಉಪಕಾರ ದೊಡ್ಡದು. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಅದಕ್ಕೆ ಕಲ್ಲಿದ್ದಲು ಬೇಡ, ಹೊಗೆಯಿಲ್ಲ, ಬೂದಿಯಿಲ್ಲ. ಸಂಜೆ ಸೌರಫಲಕಗಳು ಸುಮ್ಮನಾಗಿ, ನಾಡೆಲ್ಲ ಒಮ್ಮೆಲೇ ದೀಪ ಹಾಕುವ ಹೊತ್ತಿಗೆ ಕೆಲವೇ ನಿಮಿಷಗಳಲ್ಲಿ ಕರೆಂಟು ಕೊಡಬಲ್ಲದ್ದು ಹೀಗೆ ಕೂಡಿಟ್ಟ ನೀರೇ. ರಾಜ್ಯದ ಕಾರ್ಖಾನೆಗಳು, ಪಂಪ್‌ಸೆಟ್ಟುಗಳು ಬೆಳೆದದ್ದರಲ್ಲಿ ಈ ಹೊಳೆಯ ಪಾಲಿದೆ.

ಇದಕ್ಕೆ ಬೆಲೆ ತೆತ್ತವರು ಬೇರೆ. ಗದ್ದೆ, ತೋಟ, ದೇವಸ್ಥಾನ ಬಿಟ್ಟು ಎದ್ದು ಹೋದವರಿಗೆ ಕಾಡಿನ ಜಾಗ ತೋರಿಸಿದರು. ದಾಖಲೆಯಲ್ಲಿ ಅದು ಅರಣ್ಯವಾಗಿಯೇ ಉಳಿಯಿತು. ಮೂರನೇ ತಲೆಮಾರು ಬಂದರೂ ಎಷ್ಟೋ ಮನೆಗಳಿಗೆ ಹಕ್ಕುಪತ್ರವಿಲ್ಲ. ಹಿನ್ನೀರಿನಾಚೆಯ ಊರಿನವರು ದಶಕಗಟ್ಟಲೆ ಲಾಂಚ್ ಕಾದರು. ಆಚೆ ದಡದ ಸಿಗಂದೂರಿಗೆ ಸೇತುವೆಯಾದದ್ದು 2025ರಲ್ಲಿ.

ನದಿ ತೆತ್ತ ಬೆಲೆಯನ್ನು ಹೊನ್ನಾವರದ ಅಳಿವೆಯಲ್ಲಿ ನೋಡಬೇಕು. ಮಳೆಗಾಲದಲ್ಲಿ ಸಿಹಿನೀರು, ಬೇಸಿಗೆಯಲ್ಲಿ ಉಪ್ಪುನೀರು ಎಂಬುದು ಅಲ್ಲಿಯ ಹಳೆಯ ಕ್ರಮ. ಟರ್ಬೈನು ತಿರುಗಿಸಿದ ನೀರು ಈಗ ವರ್ಷವಿಡೀ ಹರಿದು ಬರುವುದರಿಂದ ಉಪ್ಪು ಮೊದಲಿನಷ್ಟು ಒಳಗೇರುವುದಿಲ್ಲ. ಉಪ್ಪನ್ನೇ ನಂಬಿದ ಚಿಪ್ಪಿಗಳು ಕ್ಷೀಣಿಸಿವೆ. ಉತ್ತರಕ್ಕೆ ತುಸು ದೂರದಲ್ಲಿ, ದೊಡ್ಡ ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಜನ ಇಳಿತದ ಹೊತ್ತಿಗೆ ಸೊಂಟದ ತನಕ ನೀರಿಗಿಳಿದು ಚಿಪ್ಪಿ ಆರಿಸುತ್ತಾರೆ. ಅಕ್ಕಪಕ್ಕದ ಎರಡು ಅಳಿವೆಗಳ ಈ ಅಂತರ ಯಾವ ಕರೆಂಟು ಬಿಲ್ಲಿನಲ್ಲೂ ಸೇರಿಲ್ಲ.

ಈಗ ಇದೇ ಕಣಿವೆಯಲ್ಲಿ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತಿದೆ. ಗೇರುಸೊಪ್ಪೆಯ ನೀರನ್ನು ತಲಕಳಲೆಗೆ ಎತ್ತಿ, ಬೇಕಾದಾಗ ಮತ್ತೆ ಇಳಿಸುವುದು ಅದರ ಕ್ರಮ. ಎತ್ತಲು ತಗಲುವ ವಿದ್ಯುತ್ತು ಇಳಿದಾಗ ಸಿಗುವುದಕ್ಕಿಂತ ಹೆಚ್ಚು. ಸುತ್ತಲಿನದು ಸಿಂಗಳೀಕಗಳ ಕಾಡು; ಯೋಜನೆಗೆ ಅದರಲ್ಲೂ ಪಾಲು ಬೇಕು.

ವಿದ್ಯುತ್ತು ಬೇಡವೆನ್ನಲು ನನಗೆ ಬಾಯಿಲ್ಲ. ಇದನ್ನು ಬರೆಯುತ್ತಿರುವುದೂ ಅದರ ಬೆಳಕಿನಲ್ಲೇ. ಆದರೆ ಅಣೆಕಟ್ಟಿನ ಖರ್ಚು ಗಾರೆ ಒಣಗಿದ ದಿನ ಮುಗಿಯುವುದಿಲ್ಲ. ದೀಪ ಉರಿಯುವಷ್ಟು ಕಾಲವೂ ನದಿ, ನದಿಯ ಜನ ಅದನ್ನು ಭರಿಸುತ್ತಲೇ ಇರುತ್ತಾರೆ. ಮುಳುಗಡೆಯವರ ಕೈಗೆ ಹಕ್ಕುಪತ್ರ ಬರಲಿ, ನೀರು ಬಿಡುವಾಗ ಅಳಿವೆಯ ಋತುಗಳಿಗೂ ಲೆಕ್ಕದಲ್ಲಿ ಜಾಗ ಸಿಗಲಿ. ಇಷ್ಟು ಬಾಕಿ ತೀರಿಸದೆ ಶರಾವತಿಯ ಹತ್ತಿರ ಇನ್ನೊಂದು ಎಕರೆ ಕಾಡು ಕೇಳುವ ಹಕ್ಕು ನಮಗಿಲ್ಲ.