ಸರದಿಯ ಧರ್ಮ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸೀಮೆಯಲ್ಲಿ ಹೇಮಾವತಿಯ ನಾಲೆ ತಲುಪದ ಹೊಲತೋಟಗಳಿಗೆ ಕೊಳವೆಬಾವಿಯೇ ಆಸರೆ. ಮೋಟಾರು ತಿರುಗಲು ತ್ರೀಫೇಸ್ ವಿದ್ಯುತ್ ಬೇಕು. ಅದು ಬರುವುದು ದಿನದ ಕೆಲವೇ ಗಂಟೆ. ಕರೆಂಟು ಬಂದೊಡನೆ ಆಟೋ ಸ್ಟಾರ್ಟರುಗಳು ಸುತ್ತಲಿನ ಮೋಟಾರುಗಳನ್ನೆಲ್ಲ ಏಕಕಾಲಕ್ಕೆ ಎಬ್ಬಿಸುತ್ತವೆ.

25 ಕೆ.ವಿ.ಎ. ಸಾಮರ್ಥ್ಯದ ಪರಿವರ್ತಕವು 5 ಅಶ್ವಶಕ್ತಿಯ ಸುಮಾರು ನಾಲ್ಕು ಮೋಟಾರುಗಳನ್ನು ಮಾತ್ರ ನಿರಾಯಾಸವಾಗಿ ಹೊರಬಲ್ಲದು. ಹೊರಡುವ ಕ್ಷಣದಲ್ಲಂತೂ ಮೋಟಾರು ತಾನು ಓಡುವಾಗ ಬಳಸುವುದಕ್ಕಿಂತ ಹಲವು ಪಟ್ಟು ವಿದ್ಯುತ್ತನ್ನು ಸೆಳೆಯುತ್ತದೆ. ಆರೇಳು ಮೋಟಾರುಗಳು ಒಟ್ಟಿಗೆ ಎದ್ದರೆ ವೋಲ್ಟೇಜು ಕುಸಿಯುತ್ತದೆ, ಸುರುಳಿಗಳು ಕಾಯುತ್ತವೆ, ಕಡೆಗೆ ಪರಿವರ್ತಕವೇ ಸುಟ್ಟುಹೋಗಬಹುದು. ಆಗ ಒಣಗುವುದು ಎಲ್ಲರ ಬೆಳೆಯೂ ಹೌದು.

ಇಲ್ಲಿ ತಪ್ಪು ಯಾರದು? ಪ್ರತಿಯೊಬ್ಬನೂ ಒತ್ತಿದ್ದು ತನ್ನ ಸ್ವಿಚ್ಚನ್ನೇ, ಎತ್ತಿದ್ದು ತನ್ನ ಬಾವಿಯ ನೀರನ್ನೇ. ಕಳ್ಳತನವಿಲ್ಲ, ಮೋಸವಿಲ್ಲ. ಆದರೂ ಹಾನಿಯಾಯಿತು. ಪರದೇಶಗಳಲ್ಲಿ ಮನೆಯಂಥ ಗಾಡಿಯಲ್ಲಿ ಪ್ರವಾಸ ಮಾಡುವವರಿಗೆ ತಂಗುದಾಣದಲ್ಲಿ 10 ಆಂಪಿಯರಿನಷ್ಟು ವಿದ್ಯುತ್ತನ್ನು ಅಳೆದುಕೊಡುವುದುಂಟು. ನೀರು ಕಾಯಿಸುವ ಪಾತ್ರೆಯನ್ನೂ ಹೀಟರನ್ನೂ ಒಟ್ಟಿಗೆ ಹಚ್ಚಿದವನ ಗಾಡಿಗೆ ಮಾತ್ರ ಕತ್ತಲೆ ಕವಿಯುತ್ತದೆ. ನಮ್ಮ ಹೊಲಗಳಲ್ಲಿ ಹಾಗಲ್ಲ. ಮಿತಿ ಮೀರಿದವನ ಜೊತೆಗೆ ಮೀರದವನೂ ನಷ್ಟ ಅನುಭವಿಸುತ್ತಾನೆ. ಆದುದರಿಂದ “ನಾನು ಯಾರಿಗೂ ಕೇಡು ಬಗೆಯಲಿಲ್ಲ” ಎಂಬ ಸಮಾಧಾನವಷ್ಟೇ ಇಲ್ಲಿ ಸಾಲದು.

“ನಾನೊಬ್ಬ ಮೋಟಾರು ನಿಲ್ಲಿಸಿದರೆ ಏನು ಬಂತು? ನನ್ನ ಪಾಲನ್ನೂ ಪಕ್ಕದವನು ಬಳಸಿಕೊಂಡಾನು” ಎಂದು ರೈತ ಕೇಳುತ್ತಾನೆ. ಈ ಮಾತನ್ನು ಬರೀ ಸ್ವಾರ್ಥವೆಂದು ತಳ್ಳಿಹಾಕಲಾಗದು. ಅವನಿಗೂ ಸಾಲವಿದೆ, ಓದುವ ಮಕ್ಕಳಿದ್ದಾರೆ. ಒಬ್ಬನೇ ತನ್ನ ಬೆಳೆಯನ್ನು ಒಣಗಿಸಿಕೊಳ್ಳಲಿ ಎಂದು ನ್ಯಾಯವು ಬಯಸುವುದಿಲ್ಲ. ಎಲ್ಲರೂ ಕುಳಿತು ಸರದಿಯನ್ನು ಗೊತ್ತುಮಾಡಿಕೊಳ್ಳಿ ಎನ್ನುತ್ತದೆ. ನಮ್ಮ ಹಿರಿಯರು ಕೆರೆಯ ತೂಬಿಗೆ ನೀರಗಂಟಿಯನ್ನು ನೇಮಿಸಿದ್ದರ ಮರ್ಮವೂ ಇದೇ. ಮೊದಲ ಗದ್ದೆಯವನ ಔದಾರ್ಯವನ್ನಷ್ಟೇ ನಂಬಿ ಅವರು ಕೊನೆಯ ಗದ್ದೆಯವನನ್ನು ಬಿಡಲಿಲ್ಲ.

ಹಾಗಾದರೆ ವ್ಯಕ್ತಿಯ ಸದ್ಗುಣಕ್ಕೆ ಕೆಲಸವಿಲ್ಲವೇ? ಇದೆ. ಸರದಿಯ ಮಾತನ್ನು ಯಾರಾದರೂ ಮೊದಲು ಎತ್ತಬೇಕು. ರಾತ್ರಿಯ ಅನನುಕೂಲದ ಸರದಿಯನ್ನು ಯಾರಾದರೂ ಒಪ್ಪಿಕೊಳ್ಳಬೇಕು. ಯಾರೂ ಕಾಣದಿರುವಾಗಲೂ ಮಾತಿಗೆ ತಪ್ಪದಿರಬೇಕು.

ವಿಮೋಚನಾಕಾಂಡದ 16ನೆಯ ಅಧ್ಯಾಯದಲ್ಲಿ ಮನ್ನಾವನ್ನು ಹೆಚ್ಚು ಕೂಡಿಸಿದವರಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವರಿಗೆ ಕೊರತೆಯಾಗಲಿಲ್ಲ. ನಾಳೆಗೆಂದು ಬಚ್ಚಿಟ್ಟದ್ದು ಹುಳುಬಿದ್ದಿತು. ಸಂತ ಥಾಮಸ್ ಅಕ್ವಿನಾಸರೂ ಸ್ವತ್ತು ಒಬ್ಬನದಾಗಿದ್ದರೂ ಅದರ ಬಳಕೆಯಲ್ಲಿ ಅಗತ್ಯವುಳ್ಳವರನ್ನು ಮರೆಯಬಾರದೆಂದು ಬೋಧಿಸಿದರು. ಅನಗತ್ಯ ದೀಪವನ್ನು ಆರಿಸುವಂಥ ಕಿರುಕಾರ್ಯಕ್ಕೂ ಬೆಲೆಯುಂಟೆಂದು ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೊ ಸಿ’ ಪರಿಪತ್ರದಲ್ಲಿ ನೆನಪಿಸಿದರು.

ಪ್ರಿಯರೇ, ನಾವು ಪಾಪನಿವೇದನೆಗೆ ಸಿದ್ಧರಾಗುವಾಗ ಮಾಡಿದ ಕೇಡನ್ನು ಎಣಿಸುತ್ತೇವೆ. ನೆರೆಯವನೊಡನೆ ಆಡದೆ ಉಳಿದ ಒಂದು ಮಾತನ್ನೂ, ಕಾಯದೆ ಹೋದ ಒಂದು ಗಂಟೆಯನ್ನೂ ಎಣಿಸೋಣ. ಮುಂದಿನ ಬೇಸಿಗೆಗೆ ಮುನ್ನ ಒಂದೇ ಪರಿವರ್ತಕವನ್ನು ನೆಚ್ಚಿದ ಮನೆಗಳವರು, ಯಾವ ಧರ್ಮದವರೇ ಆಗಿರಲಿ, ಒಂದು ಸಂಜೆ ಒಟ್ಟಿಗೆ ಕುಳಿತರೆ ಅದೂ ದೇವರಿಗೆ ಪ್ರಿಯವಾದ ಕಾರ್ಯವೇ ಆದೀತು.