ದೂರದ ವ್ಯಾಪಾರ, ಹತ್ತಿರದ ಜಗಳ

(ಮಾತನಾಡುವವರು ಇಬ್ಬರು. ಗೋಕಾಕ ಫಾಲ್ಸಿನ ಗಿರಣಿಯಲ್ಲಿ ಕೆಲಸ ಕಲಿತು, ಅಹಮದಾಬಾದಿನ ಬಟ್ಟೆ ಗಿರಣಿಯ ನೂಲುವ ಖಾತೆಯಲ್ಲಿ ದುಡಿದು, ಅದು ಮುಚ್ಚಿದ ಮೇಲೆ ವಡೋದರಾದಲ್ಲಿ ನೆಲೆಸಿದ ಕಾಕಾ. ಧಾರವಾಡದಲ್ಲಿ ರಾಜ್ಯಶಾಸ್ತ್ರ ಓದುತ್ತಿರುವ ಅವರ ಅಣ್ಣನ ಮಗಳು.)

ಮಗಳು: ಕಾಕಾ, ನನ್ನ ಪ್ರಬಂಧದ ಮೊದಲ ಮಾತನ್ನೇ ನೀವು ಒಪ್ಪಲಿಲ್ಲ. ದೇಶ ದೇಶಗಳು ವ್ಯಾಪಾರದಲ್ಲಿ ಹೆಣೆದುಕೊಂಡಷ್ಟೂ ಯುದ್ಧ ದುಬಾರಿಯಾಗುತ್ತದೆ, ಶಾಂತಿ ಗಟ್ಟಿಯಾಗುತ್ತದೆ ಅಂತ ಬರೆದಿದ್ದೆ. ಇದು ನಾನು ಹುಟ್ಟಿಸಿದ ಮಾತಲ್ಲ. ವ್ಯಾಪಾರದ ಮನಸ್ಸು ಯುದ್ಧದ ಜೊತೆ ಬಾಳಲಾರದು ಅಂತ ತತ್ವಜ್ಞಾನಿ ಕಾಂಟ್ 1795ರಲ್ಲೇ ವಾದಿಸಿದ್ದ. 1951ರಲ್ಲಿ ಯುರೋಪಿನವರು ಕಲ್ಲಿದ್ದಲು, ಉಕ್ಕಿನ ಒಕ್ಕೂಟ ಕಟ್ಟಿದ್ದೂ ಇದೇ ನಂಬಿಕೆಯ ಮೇಲೆ. ಆಮೇಲೆ ಫ್ರಾನ್ಸ್, ಜರ್ಮನಿ ಯುದ್ಧಕ್ಕೆ ಹೋಗಲಿಲ್ಲವಲ್ಲ.

ಕಾಕಾ: ಯುರೋಪು ಆಮೇಲೆ ನೋಡೋಣ. ಈ ವಡೋದರಾದಿಂದ ರೈಲಿನಲ್ಲಿ ಎರಡು ತಾಸು ಹೋದರೆ ಸೂರತ್. ಜಗತ್ತಿನ ಹತ್ತು ವಜ್ರಗಳಲ್ಲಿ ಒಂಬತ್ತು ಸಾಣೆ ಹಿಡಿಸಿಕೊಳ್ಳುವುದು ಅಲ್ಲಿ. ಮಹಿಧರಪುರದ ಓಣಿಗೆ ಒಮ್ಮೆ ಹೋಗಿ ಬಾ. ನಿಲ್ಲಿಸಿದ ಸ್ಕೂಟರಿನ ಸೀಟಿನ ಮೇಲೆ ಬಿಳಿ ಕಾಗದದ ಪೊಟ್ಟಣ ಬಿಚ್ಚಿ, ಕಣ್ಣಿಗೆ ಮಸೂರ ಹಿಡಿದು, ಬೆಲೆಬಾಳುವ ಹರಳುಗಳನ್ನು ಬೀದಿಯಲ್ಲೇ ತಿರುಗಿಸಿ ನೋಡುತ್ತಿರುತ್ತಾರೆ. ಬಾಯಿಮಾತಿನ ಮೇಲೆ ಕೊಳ್ಳುಕೊಡೆ ನಡೆಯುತ್ತದೆ. ವರಾಛಾ, ಕತಾರಗಾಮದ ಕಾರ್ಖಾನೆಗಳಲ್ಲಿ ಸಾಣೆಚಕ್ರದ ಮೇಜಿಗೆ ಘಂಟಿ ಅನ್ನುತ್ತಾರೆ. ಅದರ ಸುತ್ತ ನಾಲ್ಕು ಜನ ಬಗ್ಗಿ ಕೂತಿರುತ್ತಾರೆ, ಹೆಚ್ಚಿನವರು ಸೌರಾಷ್ಟ್ರದ ರೈತರ ಮಕ್ಕಳು. ಕಲ್ಲು ಬರುವುದು ರಷ್ಯಾ, ಬೋಟ್ಸ್ವಾನಾ, ಅಂಗೋಲಾದಿಂದ. ಹೋಗುವುದು ನ್ಯೂಯಾರ್ಕ್, ಹಾಂಗ್‌ಕಾಂಗಿಗೆ. ನೀನು ಹೇಳುವ ಹೆಣಿಗೆ ಇದಕ್ಕಿಂತ ದಟ್ಟವಾಗಿ ಎಲ್ಲಿದೆ? ಅದು ಉಕ್ರೇನಿನ ಯುದ್ಧವನ್ನು ತಡೆಯಿತೇ? 2024ರ ಜನವರಿ 1ರಿಂದ ಜಿ-7 ದೇಶಗಳು ರಷ್ಯಾದ ವಜ್ರಕ್ಕೆ ಬಾಗಿಲು ಹಾಕಿದವು. ಮಾರ್ಚ್ 1ರಿಂದ, ಬೇರೆ ದೇಶದಲ್ಲಿ ಸಾಣೆಯಾಗಿ ಬಂದ ರಷ್ಯಾದ ದೊಡ್ಡ ಹರಳಿಗೂ ಹಾಕಿದವು. 2025ರ ಆಗಸ್ಟಿನಲ್ಲಿ ಅಮೆರಿಕ ಭಾರತದ ಸರಕಿಗೆ ಶೇ 50ರವರೆಗೆ ಸುಂಕ ಹೇರಿತು. ಯುದ್ಧ ನಡೆದೇ ಇತ್ತು, ಘಂಟಿಯ ಮುಂದೆ ಕೂತವನ ಕೂಲಿಗೆ ಮಾತ್ರ ಕತ್ತರಿ ಬಿತ್ತು.

ಮಗಳು: ಆದರೆ ಅದೇ ವಜ್ರದಲ್ಲಿ ಒಳ್ಳೆಯದೂ ಆಗಿದೆ. ಸಿಯೆರಾ ಲಿಯೋನ್, ಅಂಗೋಲಾದಲ್ಲಿ ಬಂಡುಕೋರರು ವಜ್ರ ಮಾರಿ ಬಂದೂಕು ಕೊಳ್ಳುತ್ತಿದ್ದಾಗ ಜಗತ್ತು ಕಿಂಬರ್ಲಿ ಪ್ರಕ್ರಿಯೆ ತಂದಿತು. 2003ರಿಂದ ಪ್ರಮಾಣಪತ್ರ ಇಲ್ಲದ ಕಚ್ಚಾ ವಜ್ರ ಗಡಿ ದಾಟುವಂತಿಲ್ಲ.

ಕಾಕಾ: ಒಳ್ಳೆಯದೇ ಆಯಿತು. ಆದರೆ ಆ ಪ್ರಮಾಣಪತ್ರ ಬಂಡುಕೋರರ ಕಲ್ಲನ್ನಷ್ಟೇ ತಡೆಯುತ್ತದೆ. ಸರ್ಕಾರವೇ ಯುದ್ಧಕ್ಕೆ ಹೊರಟರೆ ಅದಕ್ಕೆ ಬಾಯಿಲ್ಲ. ಯಾವುದು ಯುದ್ಧದ ವಜ್ರ ಅನ್ನುವ ವ್ಯಾಖ್ಯೆಯನ್ನು ಹಿಗ್ಗಿಸಲು ಎಷ್ಟು ಸಲ ಕೂತರೂ ಎಲ್ಲರೂ ಒಪ್ಪಬೇಕೆಂಬ ನಿಯಮ ಅಡ್ಡ ಬಂತು. ಕಲ್ಲು ಎಲ್ಲಿಂದ ಬಂತು ಅನ್ನುವುದನ್ನು ಕಾಗದ ಹೇಳುತ್ತದೆ. ಅದನ್ನು ಅಗೆದವನ ಊರಿನಲ್ಲಿ ಜನ ನೆಮ್ಮದಿಯಿಂದ ಮಲಗುತ್ತಾರೋ ಇಲ್ಲವೋ, ಅದು ಕಾಗದಕ್ಕೆ ತಿಳಿಯುವುದಿಲ್ಲ.

ಮಗಳು: ಹಾಗಾದರೆ ಶಾಂತಿ ಎಲ್ಲಿ ಕಟ್ಟಬೇಕು ಅನ್ನುತ್ತೀರಿ?

ಕಾಕಾ: ಒಬ್ಬರನ್ನೊಬ್ಬರು ದಿನಾ ನೋಡುವ ಕಡೆ. ಜಗಳ ಹುಟ್ಟುವುದೇ ಅಲ್ಲಿ. ಅದನ್ನು ಕೂತು ಬಿಡಿಸುವ ಜಾಗವೂ ಅಲ್ಲೇ ಇರಬೇಕು. ಅಹಮದಾಬಾದಿನ ಕತೆ ಕೇಳು. 1917ರಲ್ಲಿ ಅಲ್ಲಿ ಪ್ಲೇಗ್ ಬಂತು. ಕೂಲಿಗಾರರು ಊರು ಬಿಟ್ಟು ಓಡಬಾರದೆಂದು ಮಾಲೀಕರು ದೊಡ್ಡ ಬೋನಸ್ ಕೊಟ್ಟರು. ಪ್ಲೇಗ್ ಇಳಿದ ಮೇಲೆ ನಿಲ್ಲಿಸುತ್ತೇವೆಂದರು. ಯುದ್ಧದ ಕಾಲ, ಕಾಳಿನ ಬೆಲೆ ಮುಗಿಲಿಗೆ ಏರಿತ್ತು. ಮಾಲೀಕರು ಶೇ 20 ಹೆಚ್ಚಳಕ್ಕೆ ಬಂದರು, ಗಾಂಧೀಜಿ ಲೆಕ್ಕ ಹಾಕಿ ಶೇ 35 ನ್ಯಾಯ ಎಂದರು. 1918ರ ಫೆಬ್ರವರಿಯಲ್ಲಿ ಗಿರಣಿಗಳ ಬಾಗಿಲು ಬಿತ್ತು. ಮಾಲೀಕರ ಮುಂದಾಳು ಅಂಬಾಲಾಲ್ ಸಾರಾಭಾಯಿ. ಕೂಲಿಗಾರರ ಜೊತೆ ನಿಂತವರು ಅವರ ಸ್ವಂತ ಅಕ್ಕ ಅನಸೂಯಾಬೆನ್. ದಿನಾ ಸಂಜೆ ಸಾಬರಮತಿ ದಂಡೆಯ ಜಾಲಿಮರದ ಕೆಳಗೆ ಸಭೆ. ಕೊನೆಗೆ ಎರಡೂ ಕಡೆಯವರು ಪಂಚಾಯ್ತಿಗೆ ಒಪ್ಪಿದರು. ಆನಂದಶಂಕರ ಧ್ರುವ ಪಂಚರಾಗಿ ಶೇ 35 ಎಂದೇ ತೀರ್ಪು ಕೊಟ್ಟರು. ಅದರ ಬೆನ್ನಿಗೆ, 1920ರಲ್ಲಿ, ಮಜೂರ್ ಮಹಾಜನ ಎಂಬ ಕೂಲಿಗಾರರ ಸಂಘ ಹುಟ್ಟಿತು.

ಮಗಳು: ಕೂಲಿಗಾರರ ಛಲ ಸಡಿಲವಾದಾಗ ಗಾಂಧೀಜಿ ಉಪವಾಸ ಕೂತರಲ್ಲ, ಅದು ಬಲವಂತವಲ್ಲವೇ ಕಾಕಾ? ಅಂಬಾಲಾಲ್ ಗಾಂಧೀಜಿಯ ಸ್ನೇಹಿತ, ಆಶ್ರಮಕ್ಕೆ ಹಣ ಕೊಟ್ಟವರು. ಅವರ ಕೊರಳಿಗೆ ಹಗ್ಗ ಹಾಕಿದ ಹಾಗಾಗಲಿಲ್ಲವೇ?

ಕಾಕಾ: ಗಾಂಧೀಜಿಯೇ ಆತ್ಮಕಥೆಯಲ್ಲಿ ಆ ದೋಷ ಒಪ್ಪಿಕೊಂಡಿದ್ದಾರೆ. ಉಪವಾಸ ಕೂಲಿಗಾರರ ಪ್ರತಿಜ್ಞೆ ಉಳಿಸಲು, ಆದರೆ ಮಾಲೀಕರ ಮೇಲೂ ಒತ್ತಡ ಬಿತ್ತು ಅಂತ. ಅದು ಮೂರು ದಿನ ನಡೆಯಿತು.

ಮಗಳು: ಒತ್ತಡದಿಂದ ಬಂದ ಒಪ್ಪಂದ ಶಾಂತಿಯೇ? ಹಾಗಾದರೆ ಜಿ-7ರ ದಿಗ್ಬಂಧನಕ್ಕೂ ಉಪವಾಸಕ್ಕೂ ವ್ಯತ್ಯಾಸವೇನು? ಎರಡೂ ಎದುರಿಗಿರುವವನಿಗೆ ಬೇರೆ ದಾರಿ ಇಲ್ಲದಂತೆ ಮಾಡುವುದೇ.

ಕಾಕಾ: ವ್ಯತ್ಯಾಸ ಇದೆ. ದಿಗ್ಬಂಧನ ಹಾಕುವವನು ನೋವನ್ನು ಬೇರೆಯವರ ತಲೆಗೆ ಕಟ್ಟುತ್ತಾನೆ, ಅದೂ ಬಹಳ ಸಲ ತಪ್ಪು ತಲೆಗೆ. ಉಪವಾಸ ಕೂತವನು ತನ್ನ ಹೊಟ್ಟೆಯ ಮೇಲೆ ತಗೊಳ್ಳುತ್ತಾನೆ. ಆದರೆ ಈ ದಾರಿ ಹಿಡಿದರೆ ನಾವು ಸತ್ಯಾಗ್ರಹದ ತರ್ಕದಲ್ಲೇ ಉಳಿದುಬಿಡುತ್ತೇವೆ. ನಾನು ಹೇಳಹೊರಟಿದ್ದು ಉಪವಾಸ ಮುಗಿದ ಮೇಲೆ ಉಳಿದ ವ್ಯವಸ್ಥೆಯ ಮಾತು. ನೂಲುವ ಯಂತ್ರದಲ್ಲಿ ಎಳೆ ಹರಿಯುವುದು ಇದ್ದದ್ದೇ. ಪಕ್ಕದಲ್ಲಿ ನಿಂತವನು ಆಗಲೇ ಬೆರಳಲ್ಲಿ ಗಂಟುಹಾಕದೆ ಬೆಸೆಯಬೇಕು, ತಡವಾದರೆ ಇಡೀ ಕಂಡಿಕೆ ಹಾಳು. ಮಹಾಜನ ಮಾಡುತ್ತಿದ್ದದ್ದು ಅದೇ ಕೆಲಸ. ಮುಕಾದಮ ಬೈದ, ದಂಡ ಹಾಕಿದ, ರಜೆ ಕೊಡಲಿಲ್ಲ, ಹೀಗೆ ಚಿಕ್ಕ ದೂರುಗಳನ್ನು ಬರೆದುಕೊಂಡು, ಮಾಲೀಕರ ಎದುರು ಕೂತು ಬಗೆಹರಿಸುವುದು. ಆ ಮೇಜಿನ ಒಂದೇ ಕಡೆ ದಲಿತರು, ಪಾಟೀದಾರರು, ಮುಸ್ಲಿಮರು ಕೂರುತ್ತಿದ್ದರು. ಶಾಂತಿ ಅನ್ನುವುದು ಯಾವುದೋ ಒಂದು ದಿನ ಸಹಿ ಹಾಕುವ ಕಾಗದವಲ್ಲ ಅಂತ ನಾನು ನಂಬಿದ್ದು ಇದನ್ನು ನೋಡಿ.

ಮಗಳು: ಕಾಕಾ, ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. 1969ರ ಸೆಪ್ಟೆಂಬರಿನಲ್ಲಿ ಹಿಂದೂ ಮುಸ್ಲಿಂ ಗಲಭೆಯಲ್ಲಿ ಅಹಮದಾಬಾದ್ ಉರಿದಾಗ ಗಿರಣಿಗಳು ನಡೆಯುತ್ತಿದ್ದವು, ಮಹಾಜನವೂ ಗಟ್ಟಿಯಾಗಿತ್ತು. ಸರ್ಕಾರಿ ಲೆಕ್ಕದಲ್ಲೇ 600ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚು ಉರಿದದ್ದು ಕೂಲಿಗಾರರ ಓಣಿಗಳೇ ಇದ್ದ ಪೂರ್ವಭಾಗ. ಒಂದೇ ಮೇಜಿನ ಕಡೆ ಕೂತವರೇ ಒಬ್ಬರ ಮೇಲೊಬ್ಬರು ಕತ್ತಿ ಹಿಡಿದರಲ್ಲ?

ಕಾಕಾ: ಹಿಡಿದರು. ಇದಕ್ಕೆ ಉತ್ತರ ಹೇಳದೆ ಮಹಾಜನವನ್ನು ಹೊಗಳಿದರೆ ಅದು ಸುಳ್ಳಾಗುತ್ತದೆ. ನಾನು ಸೇರಿದ ಹೊತ್ತಿಗೆ ಹಳಬರು ಹೇಳುತ್ತಿದ್ದ ಸಂಗತಿ ಇದು. ಹಳೆಯ ಮಗ್ಗದಲ್ಲಿ ಕಂಡಿಕೆ ಮುಗಿದಾಗ ನೇಕಾರ ಹೊಸ ಎಳೆಯನ್ನು ಲಾಳಿಯ ತೂತಿನಿಂದ ಬಾಯಲ್ಲಿ ಹೀರಿ ಹೊರಗೆಳೆಯಬೇಕು. ದಲಿತನ ತುಟಿ ತಾಗಿದ ಲಾಳಿಗೆ ತಾವು ಬಾಯಿ ಇಡುವುದಿಲ್ಲ ಅಂತ ಸವರ್ಣೀಯರೂ ಮುಸ್ಲಿಮರೂ ಹಟ ಹಿಡಿದರು. ಹಾಗಾಗಿ ನೇಯ್ಗೆ ಖಾತೆ ಅವರದ್ದು, ಕೂಲಿ ಕಡಿಮೆಯ ನೂಲುವ ಖಾತೆ ದಲಿತರದ್ದು. ಮಹಾಜನವೂ ಕಸುಬಿಗೊಂದು ಸಂಘ ಮಾಡಿಕೊಂಡು ಆ ಗೋಡೆಯನ್ನು ಹಾಗೇ ಉಳಿಸಿತು. ಮೇಲೆ ಒಂದು ಮೇಜು ಇತ್ತು, ಕೆಳಗೆ ಕುಡಿಯುವ ನೀರು ಬೇರೆ, ಓಣಿ ಬೇರೆ. ಬರಬರುತ್ತ ಮಹಾಜನ ಬರೀ ಕಚೇರಿಯಾಯಿತು, ಓಣಿಗೆ ಕಾಲಿಡುವುದನ್ನು ಬಿಟ್ಟಿತು. ಬೆಸುಗೆ ಇಲ್ಲದ ಕಡೆಯೇ 1969ರಲ್ಲಿ ಒಡೆಯಿತು.

ಮಗಳು: ಅಂದರೆ ಕೂಡಿ ದುಡಿಯುವುದಷ್ಟೇ ಸಾಲದು, ಸರಿಸಮನಾಗಿ ದುಡಿಯಬೇಕು. ಒಪ್ಪಿದೆ.

ಕಾಕಾ: ಅದನ್ನು ಈ ವಡೋದರಾ, ಅಂದರೆ ಆಗಿನ ಬರೋಡಾಕ್ಕಿಂತ ಚೆನ್ನಾಗಿ ಹೇಳುವ ಊರಿಲ್ಲ. 1917ರಲ್ಲಿ ಗಾಂಧೀಜಿ ಸಾಬರಮತಿಗೆ ಆಶ್ರಮ ಸಾಗಿಸಿದ ವರ್ಷವೇ ಅಂಬೇಡ್ಕರ್ ಬರೋಡಾ ಸಂಸ್ಥಾನದ ಕೆಲಸಕ್ಕೆ ಬಂದರು. ಸಯಾಜಿರಾವ್ ಮಹಾರಾಜರ ವಿದ್ಯಾರ್ಥಿವೇತನದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ಲಂಡನ್ನಿಗೂ ಹೋಗಿ ಬಂದವರು. ಎರಡು ಖಂಡಗಳು ಕರೆದು ಕೂರಿಸಿದ್ದವು, ಬರೋಡಾದಲ್ಲಿ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಹೆಸರು ಹೇಳಿ ಪಾರ್ಸಿ ಛತ್ರದಲ್ಲಿ ಇದ್ದರು. ಗೊತ್ತಾಗಿ ಜನ ಕೋಲು ಹಿಡಿದು ಬಂದು ಹೊರಗೆ ಹಾಕಿದರು. ಕಮಾಟಿ ಬಾಗ್ ಉದ್ಯಾನದಲ್ಲಿ ಕೂತು ಅತ್ತರು, ಮುಂಬೈ ರೈಲು ಹತ್ತಿದರು. ಆ ದಿನ ಊರಿನಲ್ಲಿ ಗಲಭೆ ಆಗಲಿಲ್ಲ. ಪೊಲೀಸ್ ದಾಖಲೆಗೆ ಅದು ಶಾಂತ ದಿನ. ಅಂಥ ಶಾಂತಿಯನ್ನು ನಾನು ಶಾಂತಿ ಅನ್ನಲಾರೆ. ಈಗಲೂ ನೋಡು. ಗಲಭೆಗೆ ಹೆದರಿ ಜನ ಅಗ್ಗಕ್ಕೆ ಮನೆ ಮಾರಿ ಓಡಬಾರದು ಅಂತ 1991ರಲ್ಲಿ ಕ್ಷೋಭಿತ ಪ್ರದೇಶಗಳ ಕಾಯ್ದೆ ಬಂತು. ಉದ್ದೇಶ ಒಳ್ಳೆಯದು. ಆದರೆ ಅಹಮದಾಬಾದ್, ವಡೋದರಾ, ಸೂರತ್ ಮೂರರಲ್ಲೂ ಅದು ಜಾರಿಯಲ್ಲಿರುವ ಓಣಿಗಳಲ್ಲಿ ಮನೆ ಮಾರಲು ಕಲೆಕ್ಟರ್ ಅನುಮತಿ ಬೇಕು. ಹಿಂದೂ ಮುಸ್ಲಿಮನಿಗೆ, ಮುಸ್ಲಿಂ ಹಿಂದೂಗೆ ಮನಸ್ಸಿನಿಂದ ಮಾರಹೊರಟರೂ ತಡೆ. ಓಡಿಹೋಗುವುದನ್ನು ನಿಲ್ಲಿಸಲು ಬಂದ ಕಾಯ್ದೆ ಕೂಡಿ ಬಾಳುವುದನ್ನೂ ನಿಲ್ಲಿಸಿತು. ಇತ್ತ ಅಹಮದಾಬಾದಿನಲ್ಲಿ ಮುಸ್ಲಿಮರ ಜುಹಾಪುರದಂಥ ಬಡಾವಣೆಗಳು ಊರಿನೊಳಗೊಂದು ಊರಾದವು.

ಮಗಳು: ಸೂರತ್ತಿನ ಬಗ್ಗೆ ನಾನು ಓದಿದ್ದೇನೆ. ಅಶುತೋಷ್ ವಾರ್ಷ್ಣೇಯ 2002ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅಹಮದಾಬಾದನ್ನು ಸೂರತ್ತಿನ ಜೊತೆ ಇಟ್ಟು ತೂಗುತ್ತಾರೆ. 1992ರ ಡಿಸೆಂಬರಿನ ಗಲಭೆಗಳಲ್ಲಿ ಸೂರತ್ತಿನ ಹಳೆ ಊರು ಬಹುಮಟ್ಟಿಗೆ ತಣ್ಣಗಿತ್ತು. ಹಿಂದೂ ಮುಸ್ಲಿಂ ವ್ಯಾಪಾರಿಗಳು ಒಂದೇ ಸಂಘಗಳಲ್ಲಿದ್ದರು, ಒಬ್ಬರ ಅಂಗಡಿ ಸುಟ್ಟರೆ ಇನ್ನೊಬ್ಬರ ಬಾಕಿ ಮುಳುಗುತ್ತಿತ್ತು. ಹಾಗಾದರೆ ವ್ಯಾಪಾರ ಶಾಂತಿ ತರುತ್ತದೆ ಅಂದ ನನ್ನ ಮಾತು ಪೂರ್ತಿ ಸುಳ್ಳಲ್ಲ.

ಕಾಕಾ: ಸುಳ್ಳಲ್ಲ, ಅರ್ಧ. ಅದೇ ಸೂರತ್ತಿನ ಹೊರವಲಯದ ಕೊಳೆಗೇರಿಗಳಲ್ಲಿ ಆ ದಿನಗಳಲ್ಲಿ ಘೋರ ಹಿಂಸೆ ನಡೆಯಿತು. ಅಲ್ಲಿದ್ದವರು ಪವರ್‌ಲೂಮಿಗೆ, ಘಂಟಿಗೆ ಹೊರಗಿನಿಂದ ಬಂದವರು. ಅವರಿಗೆ ಸಂಘವಿಲ್ಲ, ಬಾಕಿಯ ಲೆಕ್ಕವಿಲ್ಲ, ಪಕ್ಕದವನ ಹೆಸರೂ ಗೊತ್ತಿಲ್ಲ. ನಂಟಿನ ಒಳಗಿದ್ದವರು ಉಳಿದರು, ಹೊರಗಿದ್ದವರು ಉರಿದರು. ಈಗ ಅಹಮದಾಬಾದಿಗೆ ಬಾ. 1980, 90ರ ದಶಕಗಳಲ್ಲಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಒಂದು ಲಕ್ಷಕ್ಕೂ ಹೆಚ್ಚು ಜನರ ಕೆಲಸ ಹೋಯಿತು. ದಲಿತ ತಳ್ಳುಗಾಡಿ ಹಿಡಿದ, ಮುಸ್ಲಿಂ ರಿಕ್ಷಾ ಹಿಡಿದ. ಕೆಟ್ಟದ್ದೋ ಒಳ್ಳೆಯದ್ದೋ, ಇದ್ದ ಒಂದು ಮೇಜೂ ಹೋಯಿತು. 2002ರಲ್ಲಿ ಗೋಧ್ರಾದಲ್ಲಿ ರೈಲಿನ ಡಬ್ಬಿ ಉರಿದು 59 ಜನ ಸತ್ತ ಮೇಲೆ ಏನಾಯಿತೆಂದು ನಿನಗೆ ಗೊತ್ತು. ಸರ್ಕಾರದ ಲೆಕ್ಕದಲ್ಲೇ ಸಾವಿರಕ್ಕೂ ಹೆಚ್ಚು ಜೀವ, ಬಹುಪಾಲು ಮುಸ್ಲಿಮರು. ಗಿರಣಿ ಮುಚ್ಚಿದ್ದಕ್ಕೇ ಅದು ಆಯಿತು ಅನ್ನಲಾರೆ. ಕೊಂದವರು ಕೊಂದರು, ತಡೆಯಬೇಕಾದವರು ತಡೆಯಲಿಲ್ಲ, ಆ ಹೊಣೆಯನ್ನು ಆರ್ಥಿಕತೆಯ ಮೇಲೆ ಹಾಕಬಾರದು. ಆದರೆ ನಡುವೆ ನಿಂತು ತಡೆಯುವ ಕೈಗಳು ಎಂದೋ ಚದುರಿಹೋಗಿದ್ದವು.

ಮಗಳು: ತಡೆದವರು ಯಾರೂ ಇಲ್ಲವೇ? 1946ರ ಜುಲೈ 1ರಂದು ಅಹಮದಾಬಾದಿನಲ್ಲಿ ರಥಯಾತ್ರೆಯ ಗಲಭೆ ತಡೆಯಲು ಹೋಗಿ ವಸಂತರಾವ್ ಹೆಗಿಷ್ಟೆ, ರಜಬ್ ಅಲಿ ಲಖಾನಿ ಇಬ್ಬರೂ ಪ್ರಾಣ ಕೊಟ್ಟರಲ್ಲ.

ಕಾಕಾ: ಅವರಿಗೆ ಕೈ ಮುಗಿಯುತ್ತೇನೆ. ಆದರೆ ಊರು ಉಳಿಯಲು ಇಬ್ಬರು ಗೆಳೆಯರು ಸಾಯಬೇಕಾಗಿ ಬಂದರೆ ಅದು ಊರಿನ ಸೋಲು. ಪ್ರಾಣ ಕೊಡದೆಯೂ ತಡೆದವರಿದ್ದಾರೆ. ಬೆಹರಾಂಪುರದಲ್ಲಿ ರಾಮ್ ರಹೀಮ್ ನಗರ ಅಂತ ಒಂದು ಕೊಳೆಗೇರಿ. ಹಿಂದೂಗಳೂ ಮುಸ್ಲಿಮರೂ ಗೋಡೆಗೆ ಗೋಡೆ ಹಚ್ಚಿ ಬಾಳುವ ಜಾಗ. ಸುತ್ತಲೂ ಉರಿದಾಗ, 2002ರಲ್ಲೂ, ಅದು ಉರಿಯಲಿಲ್ಲ. ಅಲ್ಲಿ ಎರಡೂ ಸಮುದಾಯದವರ ಒಂದು ಸಮಿತಿ ಇದೆ. ಗಲಭೆಯ ದಿನ ಕಟ್ಟಿದ್ದಲ್ಲ, ಅದಕ್ಕೂ ಬಹಳ ಮೊದಲೇ ಇದ್ದದ್ದು. ಅಪರೂಪಕ್ಕೆ ಸಿಗುವ ಮಹಾತ್ಮನಿಗಿಂತ ನನಗೆ ಅಂಥ ಸಮಿತಿಯ ಮೇಲೆ ಭರವಸೆ ಹೆಚ್ಚು.

ಮಗಳು: ಅಂದರೆ ನಿಮ್ಮ ಸಿದ್ಧಾಂತ ಇಷ್ಟು: ದೂರದ ವ್ಯಾಪಾರ ಹತ್ತಿರದ ನಂಟಿಗೆ ಬದಲಿಯಾಗಲಾರದು. ಹತ್ತಿರದ ನಂಟು ಸರಿಸಮಾನವಾಗಿರಬೇಕು, ಜಗಳ ಬಿಡಿಸುವ ಜಾಗ ಜಗಳಕ್ಕೆ ಮೊದಲೇ ಇರಬೇಕು. ನಾನು ಒಪ್ಪುತ್ತೇನೆ. ಆದರೆ ಒಂದು ಪ್ರಶ್ನೆ ಉಳಿಯಿತು. 1918ರಲ್ಲಿ ಮಾಲೀಕ ಅದೇ ಊರಿನ ಶಾಹಿಬಾಗಿನಲ್ಲಿದ್ದ, ಅವನ ಅಕ್ಕ ಕೂಲಿಗಾರರ ಸಭೆಯಲ್ಲಿದ್ದಳು. ಈಗ ಗಂಜಾಂ ಜಿಲ್ಲೆಯಿಂದ ಸೂರತ್ತಿನ ಪವರ್‌ಲೂಮಿಗೆ ಬಂದ ಒಡಿಯಾ ಹುಡುಗ ಯಾರ ಎದುರು ಕೂರಬೇಕು? ಅವನ ಕೂಲಿ ನಿರ್ಧಾರವಾಗುವುದು ಅವನು ಹೆಸರೇ ಕೇಳದ ಊರಿನಲ್ಲಿ. ಮೇಜಿನ ಆ ಕಡೆಯ ಕುರ್ಚಿಯೇ ಖಾಲಿ ಇರುವಾಗ ಮಹಾಜನ ಕಟ್ಟಿ ಏನು ಮಾಡುವುದು?

ಕಾಕಾ: ಇಲಾಬೆನ್ ಭಟ್ ಒಂದು ದಾರಿ ಹಿಡಿದಿದ್ದರು. ಸೂರತ್ತಿನಲ್ಲಿ ಬೆಳೆದವರು, ಮಹಾಜನದ ಮಹಿಳಾ ವಿಭಾಗದಲ್ಲಿ ದುಡಿದವರು. 1972ರಲ್ಲಿ ಸ್ವಂತ ದುಡಿಮೆಯ ಹೆಂಗಸರಿಗಾಗಿ ‘ಸೇವಾ’ ಎಂಬ ಸಂಘ ಕಟ್ಟಿದರು. ಬೀಡಿ ಕಟ್ಟುವವರು, ಅಗರಬತ್ತಿ ಹೊಸೆಯುವವರು, ತರಕಾರಿ ಮಾರುವವರು, ಹಿಂದೂ ಮುಸ್ಲಿಂ ಹೆಂಗಸರು ಒಂದೇ ಪುಸ್ತಕದಲ್ಲಿ ಹೆಸರು ಬರೆಸಿದರು. ಎದುರಿಗೆ ಮಾಲೀಕ ಕಾಣದಿದ್ದರೂ ಈ ಕಡೆಯ ಕುರ್ಚಿಗಳನ್ನು ತುಂಬಿಸಿದರು. ಅಲ್ಲಿಂದಲೇ ಜಿನೀವಾದವರೆಗೆ ಹೋದರು. 1996ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮನೆಯಲ್ಲೇ ದುಡಿಯುವವರ ಹಕ್ಕಿನ ಒಪ್ಪಂದ ಮಾಡಿತು, ಅದರ ಹಿಂದೆ ಈ ಹೆಂಗಸರ ಒತ್ತಾಯವಿತ್ತು.

ಮಗಳು: ಆ ಒಪ್ಪಂದವನ್ನು ಭಾರತವೇ ಇನ್ನೂ ಅನುಮೋದಿಸಿಲ್ಲ, ಕಾಕಾ.

ಕಾಕಾ: ಇಲ್ಲ, ಅನುಮೋದಿಸಿಲ್ಲ. ಆ ಕೆಲಸ ಬಾಕಿ ಇದೆ. ಗಂಜಾಂ ಹುಡುಗನ ಪ್ರಶ್ನೆಗೂ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ನಿನ್ನ ಪ್ರಬಂಧವನ್ನು ಕಾಂಟ್‌ನಿಂದ ಶುರುಮಾಡಬೇಡ, ಆ ಹುಡುಗನಿಂದ ಶುರುಮಾಡು.